ಹಗೇವಿನ ಅಂಚಿನ ಜೋಳ

ತಾಂಬಾದ ಪಡುವಣ ಅಂಚಿನಲ್ಲಿ ಕ್ರೈಸ್ತರ ಓಣಿಯೊಂದಿತ್ತು. ಓಣಿ ಎಂದರೆ ದೊಡ್ಡದೇನಲ್ಲ. ಈ ತುದಿಯ ಮನೆಯಲ್ಲಿ ಒಗ್ಗರಣೆ ಹಾಕಿದರೆ ಆ ತುದಿಯ ಮನೆಯವರು ಸೀನಬೇಕು, ಅಷ್ಟೇ. ಅಷ್ಟು ಸಣ್ಣ ಓಣಿಯಲ್ಲಿ ದೊಡ್ಡವರಾಗುವುದು ಬಹಳ ಕಷ್ಟವಲ್ಲ. ಸುಂದರವ್ವ ಹಾಗೆ ದೊಡ್ಡವಳಾಗಿದ್ದಳು. ಕೊಡುಗೈ ಸುಂದರವ್ವ ಎಂದೇ ಅವಳನ್ನು ಕರೆಯುತ್ತಿದ್ದರು, ಅವಳೂ ಆ ಹೆಸರನ್ನು ಹೊಸ ಇಳಕಲ್ಲ ಸೀರೆಯ ಹಾಗೆ ಮಾಸದಂತೆ ಜೋಪಾನ ಮಾಡಿಕೊಂಡಿದ್ದಳು.

ಓಣಿಯ ಹೆಂಗಸರಲ್ಲಿ ಹಿಡಿ ಜೋಳದ ಪದ್ಧತಿ ಇತ್ತು. ಯಾವ ಕಾಲದ ಪಾದ್ರಿ ಹಾಕಿಕೊಟ್ಟದ್ದೋ ಯಾರಿಗೂ ನೆನಪಿರಲಿಲ್ಲ. ದಿನಾ ಒಲೆ ಹೊತ್ತಿಸುವ ಮುಂಚೆ ಮನೆಯ ಜೋಳದಿಂದ ಒಂದು ಹಿಡಿ ತೆಗೆದು ಒಲೆಯ ಮಗ್ಗುಲಿನ ಗಡಿಗೆಗೆ ಹಾಕಬೇಕು. ಅದು ದೇವರ ಗಡಿಗೆ. ಮನೆಯಲ್ಲಿ ಎಷ್ಟೇ ತಾಪತ್ರಯವಿದ್ದರೂ ಅದಕ್ಕೆ ಕೈಹಾಕುವಂತಿಲ್ಲ. ರವಿವಾರ ಎಲ್ಲರೂ ತಮ್ಮ ಗಡಿಗೆ ಹೊತ್ತುಕೊಂಡು ದೇವಾಲಯಕ್ಕೆ ಬಂದು ಮೂಲೆಯಲ್ಲಿದ್ದ ಒಂದೇ ಚೀಲಕ್ಕೆ ಸುರುವುತ್ತಿದ್ದರು. ತಿಂಗಳಿಗೊಮ್ಮೆ ಆ ಚೀಲ, ಓಣಿಯಲ್ಲಿ ಯಾರ ಒಲೆ ಹೊತ್ತುವುದು ಕಷ್ಟವೋ ಅವರ ಮನೆಗೆ ಹೋಗುತ್ತಿತ್ತು. ಯಾರ ಹಿಡಿ ಯಾವುದು ಎಂದು ತೆಗೆದುಕೊಂಡವರಿಗೆ ತಿಳಿಯುವುದಿಲ್ಲ, ತಿಳಿಯಲೂಬಾರದು. ಆ ಪದ್ಧತಿಯ ಚೆಂದವೆಲ್ಲ ಇದ್ದದ್ದು ಅಲ್ಲಿಯೇ.

ಒಂದು ಕಾಲಕ್ಕೆ ಆ ಚೀಲ ಸುಂದರವ್ವನ ಮನೆಗೂ ಬಂದಿತ್ತು. ಚಡಚಣದ ಕಡೆಯಿಂದ ಸೊಸೆಯಾಗಿ ಬಂದಾಗ ಅವಳ ಮನೆಯಲ್ಲಿ ಇದ್ದದ್ದು ಒಂದು ಬೀಸುಕಲ್ಲು, ಎರಡು ಕೌದಿ ಮತ್ತು ಅತ್ತೆಯ ಬಾಯಿ. ಗಂಡ ದಾನೇಲಪ್ಪ ಪರರ ಹೊಲವನ್ನು ಕೋರಿಗೆ ಮಾಡುತ್ತಿದ್ದ. ಬೆಳೆದದ್ದರಲ್ಲಿ ಒಡೆಯನ ಪಾಲು ಹೋಗಿ ಉಳಿದದ್ದು ಸಂಕ್ರಾಂತಿಯಿಂದ ಯುಗಾದಿಯತನಕ ಬಂದರೆ ಪುಣ್ಯ. ಸುಗ್ಗಿಯಲ್ಲಿ ಸುಂದರವ್ವ ಹಕ್ಕಲು ಆಯಲು ಹೋಗುತ್ತಿದ್ದಳು. ಕೊಯ್ದವರು ಮುಂದೆ ಹೋದ ಮೇಲೆ ಎರೆಹೊಲದ ಬಿರುಕಿನಲ್ಲಿ ಬಿದ್ದ ತೆನೆಗಳನ್ನು ಬಗ್ಗಿ ಬಗ್ಗಿ ಆರಿಸುವುದು. ಜೊತೆಗೆ ಎದುರು ಮನೆಯ ಸಾತವ್ವ ಇರುತ್ತಿದ್ದಳು. ಸುಂದರವ್ವ ಚೊಚ್ಚಲ ಬಸುರಿಯಾಗಿ ಬಗ್ಗಲಾರದೆ ನಿಂತಾಗ ಸಾತವ್ವ ತನ್ನ ಉಡಿಯ ತೆನೆಗಳಲ್ಲಿ ಅರ್ಧವನ್ನು ಅವಳ ಉಡಿಗೆ ಹಾಕಿ, ಯಾರೂ ನೋಡಲಿಲ್ಲವೆಂಬಂತೆ ಮುಂದೆ ಹೋಗುತ್ತಿದ್ದಳು. ಅದನ್ನು ಅವಳು ಆಗಲೂ ಆಡಿ ತೋರಿಸಲಿಲ್ಲ, ಆಮೇಲೂ ಆಡಿ ತೋರಿಸಲಿಲ್ಲ.

ಆಮೇಲೆ ದಿನಮಾನ ಬದಲಾದವು. ಬರದ ವರ್ಷ ಕಲ್ಲು ಒಡೆಯುವ ಕೆಲಸಕ್ಕೆ ಹೋದ ಸಾತವ್ವನ ಗಂಡ ಜ್ವರ ಬಂದು ತೀರಿಕೊಂಡ. ಉಳುವವನೇ ಒಡೆಯ ಎಂಬ ಕಾಯ್ದೆ ಬಂದು ದಾನೇಲಪ್ಪ ಮಾಡುತ್ತಿದ್ದ ಹೊಲ ದಾನೇಲಪ್ಪನದೇ ಆಯಿತು. ಅದರ ಹಿಂದೆಯೇ ಎರಡು ಒಳ್ಳೆಯ ಹಿಂಗಾರಿ. ಜೋಳ ಇಡಲು ಮನೆಯಲ್ಲಿ ಜಾಗ ಸಾಲಲಿಲ್ಲ. ದಾನೇಲಪ್ಪ ಮನೆಯ ಮುಂದೆ ಹಗೇವು ತೋಡಿಸಿದ.

ಹಗೇವು ಎಂದರೆ ನೆಲದೊಳಗಿನ ಕಣಜ. ಬಾಯಿ ಸಣ್ಣದು, ಹೊಟ್ಟೆ ದೊಡ್ಡದು. ಒಳಗೆ ಸುತ್ತಲೂ ಹುಲ್ಲು ಹೊಂದಿಸಿ, ಜೋಳ ತುಂಬಿ, ಬಾಯಿಗೆ ಚಪ್ಪಡಿ ಇಟ್ಟು ಮಣ್ಣು ಮುಚ್ಚಿದರೆ ನಡುವಿನ ಜೋಳ ವರ್ಷಗಟ್ಟಲೆ ಕೆಡುವುದಿಲ್ಲ. ಗೋಡೆಯ ಕಡೆಗಿನ ಅಂಚಿನ ಜೋಳಕ್ಕೆ ಮಾತ್ರ ನೆಲದ ತಂಪು ತಾಕುತ್ತದೆ. ಅದು ಕಪ್ಪಾಗುತ್ತದೆ, ಮುಗ್ಗಲು ವಾಸನೆ ಹಿಡಿಯುತ್ತದೆ. ಆ ವಾಸನೆ ತೊಳೆದರೂ ಹೋಗದು, ಸುಟ್ಟರೂ ಹೋಗದು. ಗೌಡರ ವಾಡೆಯಲ್ಲಿ ಅದನ್ನು ಕುದಿಸಿ ಎಮ್ಮೆಗೆ ಇಡುತ್ತಿದ್ದರು, ಎಮ್ಮೆಯೂ ಒಮ್ಮೆ ಮೂಸಿ ನೋಡಿಯೇ ಬಾಯಿ ಹಾಕುತ್ತಿತ್ತು.

ಕ್ರೈಸ್ತರ ಓಣಿಗೆಲ್ಲ ಅದೊಂದೇ ಹಗೇವು. ಮೊದಲ ಸಲ ಬಾಯಿ ತೆಗೆದ ದಿನ ಓಣಿಯೇ ಬಂದು ಸುತ್ತ ನಿಂತಿತ್ತು. ಪಾದ್ರಿಗಳು ಪ್ರಾರ್ಥನೆ ಮಾಡಿದರು. ಸುಂದರವ್ವನ ಕಣ್ಣಲ್ಲಿ ನೀರು ಬಂದವು, ಅದು ನಿಜವಾದ ಕಣ್ಣೀರೇ. ಹಕ್ಕಲು ಆಯ್ದವಳ ಮನೆಯ ಅಂಗಳದಿಂದ ಚೀಲಗಟ್ಟಲೆ ಜೋಳ ಮೇಲೆ ಬರುವುದೆಂದರೇನು. ಅಂದೇ ಅವಳು ಮನಸ್ಸಿನಲ್ಲಿ ಹರಕೆ ಹೊತ್ತಳು. ಇನ್ನು ಮುಂದೆ ದೇವರ ಗಡಿಗೆಗೆ ತನ್ನ ಮನೆಯಿಂದ ಒಂದು ಹಿಡಿಯಲ್ಲ, ಎರಡೂ ಕೈ ಕೂಡಿಸಿ ಬೊಗಸೆ.

ಬೊಗಸೆಯೇನೋ ಹಾಕಿದಳು. ಯಾವ ಜೋಳ ಹಾಕಿದಳು ಎಂಬುದೇ ಕಥೆ.

ಅಂಚಿನ ಜೋಳವನ್ನು ಬೇರೆ ತೆಗೆದು ಒಲೆಯ ಹತ್ತಿರ ಒಂದು ಚೀಲದಲ್ಲಿ ಇಟ್ಟಿದ್ದರು, ಎಮ್ಮೆಗೆಂದು. ದೇವರ ಗಡಿಗೆಯೂ ಅಲ್ಲಿಯೇ. ಒಂದು ಮುಂಜಾನೆ ಅವಸರದಲ್ಲಿ ಒಳ್ಳೆಯ ಜೋಳದ ಕಣಜದವರೆಗೆ ಹೋಗುವ ಬದಲು ಕೈಗೆ ಸಿಕ್ಕ ಚೀಲದಿಂದ ಬೊಗಸೆ ತೆಗೆದು ಹಾಕಿದಳು. ಮಾರನೆಯ ದಿನ ಅವಸರವಿರಲಿಲ್ಲ, ಆದರೂ ಹಾಗೆಯೇ ಮಾಡಿದಳು. ಮನುಷ್ಯನ ಮನಸ್ಸು ತಪ್ಪು ಮಾಡಿದಾಗ ಸುಮ್ಮನಿರುವುದಿಲ್ಲ, ವಕೀಲಿಕೆಗೆ ಇಳಿಯುತ್ತದೆ. ಹತ್ತು ಮನೆಯ ಜೋಳ ಬೆರೆತ ಮೇಲೆ ಯಾರಿಗೆ ಗೊತ್ತಾಗುತ್ತದೆ ಎಂದಿತು. ಉಪವಾಸ ಇರುವವರಿಗೆ ಇದೂ ಜೋಳವೇ ಎಂದಿತು. ಉಳಿದವರು ಒಂದು ಹಿಡಿ ಕೊಟ್ಟರೆ ನೀನು ಬೊಗಸೆ ಕೊಡುತ್ತಿಲ್ಲವೇ ಎಂದೂ ಕೇಳಿತು. ರವಿವಾರ ಅವಳ ಗಡಿಗೆ ಎಲ್ಲರ ಗಡಿಗೆಗಿಂತ ಭಾರವಾಗಿರುತ್ತಿತ್ತು. ಅದು ಚೀಲಕ್ಕೆ ಬೀಳುವ ಸದ್ದಿಗೆ ಹೆಂಗಸರು ತಿರುಗಿ ನೋಡುತ್ತಿದ್ದರು, ಪಾದ್ರಿಗಳ ಹೆಂಡತಿ ತಲೆದೂಗುತ್ತಿದ್ದರು. ಕೊಡುಗೈ ಎಂಬ ಹೆಸರು ಬಂದದ್ದು ಹೀಗೆ.

ಮುಂದಿನ ಮಳೆಗಾಲದಲ್ಲಿ ಸಾತವ್ವ ಬಂಡಿಯಿಂದ ಬಿದ್ದು ಕಾಲು ಮುರಿದುಕೊಂಡಳು. ಎಲುಬು ಕೂಡಿತು, ಆದರೆ ಸೊಟ್ಟಗೆ ಕೂಡಿತು. ಕೂಲಿಗೆ ಹೋಗುವ ದಿನಗಳು ಮುಗಿದವು. ಇನ್ನು ಮೇಲೆ ಚೀಲ ತಿಂಗಳು ತಿಂಗಳು ಸಾತವ್ವನಿಗೇ ಎಂದು ಸಭೆಯ ಹಿರಿಯರು ಗೊತ್ತುಮಾಡಿದರು. ಆ ಹಿರಿಯರಲ್ಲಿ ದಾನೇಲಪ್ಪನೂ ಒಬ್ಬ. ಅವನು ಮನೆಗೆ ಬಂದು ಅದನ್ನು ಹೇಳಿದಾಗ ಸುಂದರವ್ವನ ಎದೆಯಲ್ಲಿ ಏನೋ ಚುಚ್ಚಿದಂತಾಯಿತು. ಮರುದಿನದಿಂದ ಒಳ್ಳೆಯದನ್ನೇ ಹಾಕಬೇಕು ಅಂದುಕೊಂಡಳು. ಈ ಚೀಲವೊಂದು ತೀರಲಿ ಎಂದೂ ಅಂದುಕೊಂಡಳು. ಅದು ತೀರುವ ಹೊತ್ತಿಗೆ ಹಗೇವಿನಿಂದ ಮತ್ತೊಂದು ಚೀಲ ಬಂತು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತಲೇ ಇತ್ತು.

ಎಪ್ಪತ್ತೆಂಟರ ಸುಗ್ಗಿ ಬಂತು. ಪ್ರತಿವರ್ಷ ರಾಶಿ ಮುಗಿದ ಮೇಲೆ ದೇವಾಲಯದಲ್ಲಿ ಸುಗ್ಗಿಯ ಸ್ತೋತ್ರದ ಹಬ್ಬ. ಆ ವರ್ಷ ವಿಜಾಪುರದಿಂದ ದೊಡ್ಡ ಪಾದ್ರಿಗಳು ಬರುವವರಿದ್ದರು. ಅವರ ಮುಂದೆ ಸಭೆಯವರೊಬ್ಬರು ಎದ್ದು ನಿಂತು, ದೇವರು ತಮಗೆ ಏನು ಮಾಡಿದನೆಂದು ಸಾಕ್ಷಿ ಹೇಳಬೇಕು. ಇದನ್ನು ಸುಂದರವ್ವನೇ ಹೇಳಲಿ ಎಂದು ಪಾದ್ರಿಗಳ ಹೆಂಡತಿ ತಾವೇ ಮನೆಗೆ ಬಂದು ಕೇಳಿಕೊಂಡರು. ಕೊಟ್ಟವರಿಗೆ ದೇವರು ಹೇಗೆ ಕೊಡುತ್ತಾನೆ ಎಂಬುದನ್ನು ನಿಮ್ಮ ಬಾಯಿಂದ ಕೇಳಿದರೆ ಬೇರೆ ಊರಿನವರಿಗೂ ಬುದ್ಧಿ ಬರುತ್ತದೆ ಅಂದರು. ಸುಂದರವ್ವ ಒಂದೆರಡು ಸಲ ಒಲ್ಲೆನೆಂದು, ಮೂರನೆಯ ಸಲಕ್ಕೆ ಒಪ್ಪಿದಳು. ಎಮ್ಮೆ ಹಿಂಡುವಾಗ, ಅಂಗಳ ಸಾರಿಸುವಾಗ ಮಾತು ಕೂಡಿಸಿಕೊಂಡಳು. ಹಕ್ಕಲಿನಿಂದ ಶುರು, ಬೊಗಸೆಗೆ ಬಂದು, ಹಗೇವಿನಲ್ಲಿ ಮುಕ್ತಾಯ. ಒಬ್ಬಳೇ ಹೇಳಿಕೊಂಡಾಗಲೂ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು.

ಹಬ್ಬದ ಹಿಂದಿನ ಶನಿವಾರ ಹೆಂಗಸರ ಪ್ರಾರ್ಥನೆ. ಅದು ವಾರಕ್ಕೊಂದು ಮನೆಯಲ್ಲಿ ಸರದಿಯ ಮೇಲೆ ನಡೆಯುತ್ತಿತ್ತು. ಆ ಶನಿವಾರ ಸಾತವ್ವನ ಸರದಿ. ಬಡವಿಯ ಮನೆ, ಚಹಾ ಕುಡಿದು ಎದ್ದರಾಯಿತು ಎಂದು ಎಲ್ಲರೂ ಅಂದರೂ ಸಾತವ್ವ ಕೇಳಲಿಲ್ಲ. ತನ್ನ ಮನೆಗೆ ಬಂದವರು ಉಣ್ಣದೆ ಹೋಗಬಾರದು ಎಂದು ಹಟ ಹಿಡಿದು, ರೊಟ್ಟಿ, ಪುಂಡಿಪಲ್ಲೆ, ಶೇಂಗಾಹಿಂಡಿ ಮಾಡಿಟ್ಟಿದ್ದಳು. ಕೀರ್ತನೆ ಹಾಡಿ, ಪ್ರಾರ್ಥನೆ ಮುಗಿಸಿ ಹೆಂಗಸರು ಪಡಸಾಲೆಯಲ್ಲಿ ಸಾಲಾಗಿ ಕುಳಿತರು. ರೊಟ್ಟಿ ಬೆಳ್ಳಗೆ, ತೆಳ್ಳಗೆ ಇದ್ದವು. ಪಕ್ಕದಲ್ಲಿ ಕುಳಿತ ರೇಣವ್ವ, ಸಾತವ್ವನ ಕೈಯಲ್ಲಿ ಏನೋ ಐತಿ ಎಂದು ಹೊಗಳಿದಳು. ಸುಂದರವ್ವನೂ ಹೊಗಳಿದಳು. ಈ ರೊಟ್ಟಿಯಲ್ಲಿ ತನ್ನ ಬೊಗಸೆಯೂ ಇದೆ ಎಂದು ಅವಳಿಗೆ ಒಳಗೊಳಗೇ ಹಿಗ್ಗು. ಮಾಡಿದ್ದೇನೆಂದು ಆ ಗಳಿಗೆಗೆ ಅವಳಿಗೆ ನೆನಪೇ ಇರಲಿಲ್ಲ, ಅಷ್ಟು ಚೆನ್ನಾಗಿ ವಕೀಲಿಕೆ ನಡೆದಿತ್ತು.

ಇನ್ನೊಂದು ಸುತ್ತಿಗೆ ರೊಟ್ಟಿ ಬೇಕಾದವು. ಕುಂಟುಗಾಲಿನ ಸಾತವ್ವ ಏಳಲು ನೆಲಕ್ಕೆ ಕೈ ಊರಿದ್ದನ್ನು ನೋಡಿ ಸುಂದರವ್ವ ತಾನು ತರುತ್ತೇನೆಂದು ಎದ್ದು ಅಡುಗೆಮನೆಗೆ ಹೋದಳು. ನಾಳೆ ಸಾಕ್ಷಿ ಹೇಳುವವಳು ಇವತ್ತು ಕೈ ಬೀಸಿ ಕುಳಿತರೆ ಚೆಂದ ಕಾಣುತ್ತದೆಯೇ. ಒಲೆಯ ಹಿಂದೆ ಅರಿವೆ ಮುಚ್ಚಿದ ಬುಟ್ಟಿಯಿತ್ತು. ಅರಿವೆ ತೆಗೆದಳು. ಒಳಗಿದ್ದ ರೊಟ್ಟಿಗಳು ಬೆಳ್ಳಗಿರಲಿಲ್ಲ. ಬೂದಿಗಪ್ಪು ಬಣ್ಣ, ಅಂಚೆಲ್ಲ ಒಡೆದಿದ್ದವು. ಇದೇನು ಎಂದು ಒಂದು ತುಣುಕು ಮುರಿದು ಬಾಯಿಗಿಟ್ಟಳು.

ಮುಗ್ಗಲು ಮೂಗಿಗೆ ಏರಿತು. ಅವಳ ಮನೆಯ ಅಂಗಳದ ವಾಸನೆ ಅದು, ಹಗೇವಿನ ಚಪ್ಪಡಿ ಸರಿಸಿದ ಕೂಡಲೇ ಬರುವಂಥದು. ನಾಲಿಗೆಗೆ ಕಹಿ. ಹೊರಗೆ ಹತ್ತು ಹೆಂಗಸರು ಕುಳಿತಿದ್ದಾರೆ, ಉಗುಳುವಂತಿಲ್ಲ. ನುಂಗಲು ಗಂಟಲು ಒಲ್ಲೆನ್ನುತ್ತಿದೆ. ಬಾಯಲ್ಲಿ ಬಿಸಿತುಪ್ಪ ಇಟ್ಟುಕೊಂಡವಳ ಹಾಗೆ ನಿಂತುಬಿಟ್ಟಳು.

ಸಾತವ್ವ ಕುಂಟುತ್ತ ಒಳಗೆ ಬಂದಳು. ನೋಡಿ ಗಾಬರಿಯಾಗಿ ಅವಳ ಕೈಯಿಂದ ರೊಟ್ಟಿ ಕಸಿದುಕೊಂಡಳು.

“ಅದನ್ನ ಇಡು ತಂಗಿ, ಅದು ನಿಮಗಲ್ಲ. ನನಗಂತ ಮಾಡಿಕೊಂಡದ್ದು.”

“ಇದು...” ಎಂದಳು ಸುಂದರವ್ವ.

“ಹಗೇವಿನ ಅಂಚಿಂದು. ನಿನಗ ಬಾಯಿ ಕಹಿ ಆಕ್ಕೈತಿ. ನನಗ ರೂಢಿ ಆಗೇತಿ.”

ಅವಳ ದನಿಯಲ್ಲಿ ಕೊಂಕಿರಲಿಲ್ಲ. ಕೊಂಕಿದ್ದರೆ ಸುಂದರವ್ವ ಬದುಕಿಕೊಳ್ಳುತ್ತಿದ್ದಳು, ಎದುರು ಮಾತಾಡಿ ಜಗಳ ತೆಗೆದು ಮನೆಗೆ ಹೋಗಿಬಿಡುತ್ತಿದ್ದಳು. ಸಾತವ್ವ ಸಾರಿನ ಉಪ್ಪು ಹೇಳುವ ಹಾಗೆ ಹೇಳಿದಳು. ಚೀಲ ಬಂದ ಕೂಡಲೇ ಮೊರದಲ್ಲಿ ಹಾಕಿಕೊಂಡು ಕೇರಿ, ಬಿಳಿ ಕಾಳು ಬೇರೆ, ಕರಿ ಕಾಳು ಬೇರೆ ಆರಿಸುತ್ತಾಳಂತೆ. ಕಾಲು ಹೋದ ಮೇಲೆ ಕೂತು ಮಾಡುವ ಕೆಲಸ ಬೇಕಿತ್ತಲ್ಲ ಅಂದಳು. ಬಿಳಿಯದು ಬಂದುಹೋಗುವವರಿಗೆ. ಕರಿಯದನ್ನು ಬಿಸಿಲಿಗೆ ಹಾಕಿ, ಬಿಸಿನೀರಲ್ಲಿ ತೊಳೆದು, ಮತ್ತೆ ಒಣಗಿಸಿ ಬೀಸಿದರೆ ವಾಸನೆ ಅರ್ಧ ಹೋಗುತ್ತದಂತೆ. ಇತ್ತೀಚೆಗೆ ಚೀಲದಲ್ಲಿ ಕರಿಯದೇ ಹೆಚ್ಚು ಬರುವುದರಿಂದ ಆರಿಸಲು ಹೊತ್ತು ಹಿಡಿಯುತ್ತದೆ ಎಂದೂ ಸೇರಿಸಿದಳು.

ಹೆಚ್ಚೇಕೆ ಬಾರದು? ಉಳಿದವರದು ಒಂದು ಹಿಡಿ, ಇವಳದು ಬೊಗಸೆ.

ಸುಂದರವ್ವನ ಕಣ್ಣು ಒಲೆಯ ಮಗ್ಗುಲಿಗೆ ಹೋಯಿತು. ಅಲ್ಲೊಂದು ಸಣ್ಣ ಗಡಿಗೆ ಇತ್ತು. ಅದು ಏನೆಂದು ಅವಳಿಗೆ ಗೊತ್ತು, ಆ ಓಣಿಯ ಹೆಂಗಸಿಗೆ ಕೇಳಬೇಕಾಗಿರಲಿಲ್ಲ. ಚೀಲ ತೆಗೆದುಕೊಳ್ಳುವವಳೂ ದಿನಾ ದೇವರ ಗಡಿಗೆಗೆ ಹಿಡಿ ಹಾಕುತ್ತಿದ್ದಳು. ಗಡಿಗೆಯ ತುಂಬ ಬಿಳಿ ಜೋಳ. ಒಂದೇ ಒಂದು ಕರಿ ಕಾಳಿರಲಿಲ್ಲ.

ಬಾಯಲ್ಲಿದ್ದದ್ದನ್ನು ಅವಳು ಹೇಗೋ ನುಂಗಿದಳು. ಹೊರಗೆ ಬಂದಾಗ ಹೆಂಗಸರ ಮಾತು ನಿಂತಿತ್ತು. ರೇಣವ್ವ ತಟ್ಟೆಯಲ್ಲಿ ಖಾಲಿಯಾದ ಪಲ್ಲೆಯನ್ನೇ ಬೆರಳಿನಿಂದ ಬಳಿಯುತ್ತ ಕುಳಿತಿದ್ದಳು, ಮುಖ ಎತ್ತಲಿಲ್ಲ. ಯಾರೂ ಎತ್ತಲಿಲ್ಲ. ಇವರಿಗೆಲ್ಲ ಎಂದಿನಿಂದ ಗೊತ್ತಿತ್ತೋ. ರವಿವಾರ ಗಡಿಗೆ ಸುರುವುವಾಗ ತಿರುಗಿ ನೋಡುತ್ತಿದ್ದದ್ದು ಭಾರಕ್ಕಲ್ಲ, ವಾಸನೆಗೆ. ಓಣಿಗೆಲ್ಲ ಒಂದೇ ಹಗೇವು ಇದ್ದಾಗ ಅಂಚಿನ ಜೋಳಕ್ಕೆ ಹೆಸರು ಬರೆದು ಅಂಟಿಸಬೇಕೇ? ಅಷ್ಟು ಸರಳವಾದದ್ದು ಅವಳೊಬ್ಬಳಿಗೆ ಹೊಳೆದಿರಲಿಲ್ಲ. ಕಿವಿಯಿಂದ ಕುತ್ತಿಗೆಯವರೆಗೆ ಕಾದ ಹಂಚು ಇಟ್ಟಂತಾಗಿ, ತಲೆ ನೋಯುತ್ತದೆಂದು ಹೇಳಿ ಸೆರಗು ಮುಂದೆಳೆದುಕೊಂಡು ಮನೆಗೆ ನಡೆದಳು.

ಗಂಡನಿಗೆ ಹೇಳಲಿಲ್ಲ. ಹೇಗೆ ಹೇಳುವುದು? ಅವನು ಮರುದಿನಕ್ಕೆಂದು ಧೋತರ ಇಸ್ತ್ರಿ ಮಾಡಿಸಿ ತಂದಿದ್ದ. ತನ್ನ ಹೆಂಡತಿ ದೊಡ್ಡ ಪಾದ್ರಿಗಳ ಮುಂದೆ ಮಾತಾಡುತ್ತಾಳೆಂದು ಸಿಂದಗಿ ಸಂತೆಯಲ್ಲಿ ಸಿಕ್ಕವರಿಗೆಲ್ಲ ಹೇಳಿ ಬಂದಿದ್ದ. ಅವಳು ಒಲೆಯ ಹತ್ತಿರದ ಕರಿ ಜೋಳದ ಚೀಲವನ್ನು ಎಳೆದುಕೊಂಡು ಹೋಗಿ ಎಮ್ಮೆಯ ಗೋದಲಿಯ ಪಕ್ಕಕ್ಕೆ ಇಟ್ಟಳು. ಇಟ್ಟು, ಎಷ್ಟು ತಡವಾಗಿ ಇಟ್ಟೆ ಎಂದು ಅಲ್ಲಿಯೇ ಕುಳಿತು ಅತ್ತಳು. ಸಾತವ್ವ ಉಡಿಯ ತೆನೆ ಸುರುವಿ ಮುಂದೆ ಹೋದದ್ದು ಕಣ್ಣಿಗೆ ಕಟ್ಟಿತು. ಆ ತೆನೆಗಳಲ್ಲಿ ಒಂದಾದರೂ ಜೊಳ್ಳು ಇತ್ತೇ? ಇರಲಿಲ್ಲ. ಅವು ಬೆಳ್ಳಗೆ ತುಂಬಿದ ತೆನೆಗಳು.

ರವಿವಾರ ದೇವಾಲಯ ತುಂಬಿತ್ತು. ಕಬ್ಬು, ಬದನೆ, ಕುಸುಬೆ, ಹೊಸ ಜೋಳದ ತೆನೆ ಎಲ್ಲ ವೇದಿಕೆಯ ಮುಂದೆ. ದೊಡ್ಡ ಪಾದ್ರಿಗಳ ಪ್ರಸಂಗದಲ್ಲಿ ಆಶೀರ್ವಾದ, ಕೊಡುವಿಕೆ ಎಂಬ ಮಾತು ಬಂದಾಗಲೆಲ್ಲ ಸುಂದರವ್ವ ತಲೆ ತಗ್ಗಿಸಿದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರ ಪೈಕಿ ಅವಳೂ ಆಗಿದ್ದಳು. ಆಮೇಲೆ ಅವಳ ಹೆಸರು ಕರೆದರು. ಎದ್ದು ನಿಂತಳು. ಕೂಡಿಸಿಟ್ಟ ಮಾತೆಲ್ಲ ಇತ್ತು, ಹಕ್ಕಲಿನಿಂದ ಹಗೇವಿನವರೆಗೆ ಒಂದೂ ಮರೆತಿರಲಿಲ್ಲ. ಹೆಂಗಸರ ಸಾಲಿನ ಕೊನೆಗೆ, ಸೊಟ್ಟ ಕಾಲು ಮುಂದೆ ಚಾಚಿ ಸಾತವ್ವ ಕುಳಿತಿದ್ದಳು. ಹೇಳು, ಹೆದರಬೇಡ ಎಂಬಂತೆ ನಗುತ್ತ ತಲೆ ಆಡಿಸಿದಳು.

“ನನಗ ಹೇಳಾಕ ಏನೂ ಇಲ್ರಿ,” ಎಂದಷ್ಟೇ ಅಂದು ಸುಂದರವ್ವ ಕುಳಿತುಬಿಟ್ಟಳು.

ಅಲ್ಲಿಗಾದರೂ ಮುಗಿಯಬೇಕಲ್ಲ, ಮುಗಿಯಲಿಲ್ಲ. ದೊಡ್ಡ ಪಾದ್ರಿಗಳು ಸಂತೋಷಪಟ್ಟರು. ನೋಡಿ, ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಎಂದರೆ ಇದು, ಇಷ್ಟು ಕೊಟ್ಟರೂ ಆಡಿಕೊಳ್ಳದ ಇಂಥ ತಾಯಂದಿರಿಂದ ಸಭೆ ನಿಂತಿದೆ ಅಂದರು. ಗಂಡಸರ ಕಡೆ ದಾನೇಲಪ್ಪ ಎದೆ ಸೆಟೆಸಿ ಕುಳಿತ. ಹೆಂಗಸರ ಕಡೆ ಯಾರೂ ಮಿಸುಕಲಿಲ್ಲ. ಯಾರೊಬ್ಬರಾದರೂ ಎದ್ದು ಸುಳ್ಳು ಎಂದಿದ್ದರೆ ಅವಳಿಗೆ ಹಗುರಾಗುತ್ತಿತ್ತು. ಅವರೆಲ್ಲ ಅವಳ ಮಾನ ಕಾಯ್ದರು, ಅದೇ ಅವಳಿಗೆ ತಡೆಯಲಾಗಲಿಲ್ಲ.

ಸ್ತೋತ್ರ ಮುಗಿದು ಜನ ಚೆದುರಿದ ಮೇಲೆ ಅವಳು ಮನೆಗೆ ಹೋಗಿ ಹೊಸ ರಾಶಿಯ ಜೋಳ ಒಂದು ಚೀಲಕ್ಕೆ ತುಂಬಿ ತಲೆಯ ಮೇಲೆ ಹೊತ್ತು ಓಣಿ ದಾಟಿದಳು. ಎಲ್ಲಿಗೆ ಎಂದು ದಾನೇಲಪ್ಪ ಕೇಳಿದ. ಬಂದು ಹೇಳ್ತೇನ್ರಿ, ಎಲ್ಲಾ ಹೇಳ್ತೇನಿ ಅಂದಳು.

ಸಾತವ್ವ ಉಣ್ಣಲು ಕುಳಿತಿದ್ದಳು. ಸುಂದರವ್ವ ಚೀಲ ಇಳಿಸಿ ಅವಳ ಕಾಲಿನ ಹತ್ತಿರ ಕುಳಿತಳು. ಆ ಸೊಟ್ಟ ಕಾಲನ್ನು ಮುಟ್ಟಬೇಕೆಂದು ಕೈ ಚಾಚಿ, ಮುಟ್ಟಲಾರದೆ ಹಿಂದೆ ತೆಗೆದಳು.

“ಸಾತಕ್ಕಾ, ಇದನ್ನ ಇಟ್ಕೋ. ಆ ಕರೇ ಜ್ವಾಳ ಎಷ್ಟ ಉಳದೈತಿ ಅಷ್ಟೂ ನನಗ ಕೊಡು, ಒಯ್ತೇನಿ. ನಾನು ಮಾಡಿದ್ದು...”

“ಗೊತ್ತೈತಿ ಬಿಡು,” ಅಂದಳು ಸಾತವ್ವ. “ತಂದದ್ದು ಇಡು, ದೇವರು ಒಳ್ಳೇದು ಮಾಡ್ಲಿ. ಆದ್ರ ಅದನ್ನ ಕೊಡಾಕ ಬರೂದಿಲ್ಲ ತಂಗಿ. ದೇವರ ಗಡಿಗ್ಯಾಗ ಬಿದ್ದದ್ದನ್ನ ತಿರುಗಿ ಒಯ್ಯಬಾರ್ದು.”

ಸುಂದರವ್ವ ಬೇಡಿಕೊಂಡಳು. ಸಾತವ್ವ ತಲೆ ಅಲ್ಲಾಡಿಸಿದಳು. ಕೊಟ್ಟದ್ದು ಕೊಟ್ಟ ಹಾಗೆಯೇ, ಅದನ್ನು ಇನ್ನು ಒಳ್ಳೆಯದು ಮಾಡಲು ಬರುವುದಿಲ್ಲ ಎಂಬುದು ಸುಂದರವ್ವನಿಗೆ ಆಗ ಅರ್ಥವಾಯಿತು. ಹಾಗಾದರೆ ನನಗೂ ಊಟಕ್ಕೆ ಹಾಕು ಅಂದಳು. ಸಾತವ್ವ ರೂಢಿಯಂತೆ ನಿನ್ನೆ ಉಳಿದಿದ್ದ ಬಿಳಿ ರೊಟ್ಟಿ ತೆಗೆಯಲು ಹೋದಳು. ಸುಂದರವ್ವ ಅವಳ ಕೈ ಹಿಡಿದು, ಮತ್ತೊಂದು ಬುಟ್ಟಿಯಿಂದ ಕರಿಯದನ್ನು ತಾನೇ ತೆಗೆದು ತಟ್ಟೆಗೆ ಹಾಕಿಕೊಂಡಳು. ಸಾತವ್ವ ಬೇಡವೆನ್ನಲಿಲ್ಲ. ತನ್ನ ತಟ್ಟೆಯನ್ನು ಹತ್ತಿರ ಎಳೆದುಕೊಂಡು, ಕಣ್ಣು ಮುಚ್ಚಿ, ಎದುರಿಗೆ ಯಾರು ಕುಳಿತಿದ್ದಾರೆಂಬುದನ್ನೇ ಮರೆತವಳ ಹಾಗೆ ದಿನದ ಪ್ರಾರ್ಥನೆ ಹೇಳಿದಳು.

“ತಂದೀ, ಈ ರೊಟ್ಟಿಗೆ ನಿನಗ ಸ್ತೋತ್ರ. ಈ ಜ್ವಾಳ ಕೊಟ್ಟ ಕೈ ಎಂದೂ ಬರಿದಾಗಬಾರ್ದು. ಆ ಮನಿ ಹಗೇವು ಎಂದೂ ತುಂಬೇ ಇರ್ಲಿ. ಆಮೆನ್.”

ಸುಂದರವ್ವ ಕಣ್ಣು ತೆರೆದೇ ಕುಳಿತಿದ್ದಳು.

“ದಿನಾ ಹಿಂಗ ಬೇಡ್ಕೋತೀಯೇನು?” ಎಂದು ಕೇಳಿದಳು.

“ದಿನಾ. ಉಣ್ಣೂ ಮುಂದ ಕೊಟ್ಟವರನ್ನ ನೆನೀಬೇಕಲ್ಲ.”

ಈ ವರ್ಷದ ಹಿಂಗಾರಿ, ಮತ್ತೆ ಹೊಟ್ಟೆ ತುಂಬಿದ ಹಗೇವು, ಅಂಗಳದಲ್ಲಿ ಸಾಲಾಗಿ ನಿಂತ ಚೀಲಗಳು. ತಾನು ಕೊಟ್ಟದ್ದಕ್ಕೆ ದೇವರು ಕೊಟ್ಟ ಎಂದು ಸಭೆಯ ಮುಂದೆ ಹೇಳಲು ಹೊರಟಿದ್ದಳಲ್ಲ, ಅದೆಲ್ಲ ಈ ಕಹಿ ರೊಟ್ಟಿಯ ಮುಂದೆ ಕುಳಿತು ಈ ಕುಂಟಿ ಬೇಡಿ ತಂದದ್ದು.

“ಆಮೆನ್ ಅನ್ನು ತಂಗಿ,” ಅಂದಳು ಸಾತವ್ವ, “ಪಲ್ಲೆ ಆರತೈತಿ.”

ಸುಂದರವ್ವ ಬಾಯಿ ತೆರೆದಳು. ಆ ಮಾತು ಹೊರಡಲಿಲ್ಲ.